ಮಾವನ ಅಬಿಸೀನಿಯಾ ಗಡಿಯಾರ

ಆದವಾನಿಗೆ ಆದವಾನಿಯೇ ಹತ್ತಿ ಜಿನ್ನಿನ ಕಾರ್ಖಾನೆಯ ಸೀಟಿ ಕೇಳಿ ಏಳುತ್ತಿದ್ದ ಕಾಲದಲ್ಲಿ, ಆ ಸೀಟಿಯೇ ತಪ್ಪು ಎಂದು ವಾದ ಹೂಡುತ್ತಿದ್ದ ಒಬ್ಬನೇ ಒಬ್ಬ ಗಂಡಸೆಂದರೆ ನಮ್ಮ ಸೋದರಮಾವ! ಬೆಳಿಗ್ಗೆ ಏಳಕ್ಕೆ ಸೀಟಿ ಕೂಗಿದರೆ ಮಾವ ತನ್ನ ಕೈಗಡಿಯಾರ ನೋಡಿಕೊಂಡು, "ಬರೋಬ್ಬರಿ ಒಂದು ಗಂಟಿ" ಎನ್ನುತ್ತಿದ್ದ.

ಹುಚ್ಚೇನೂ ಇರಲಿಲ್ಲ. ಸಮುದ್ರದಾಚೆಯ ಅಬಿಸೀನಿಯಾದಲ್ಲಿ ಇಂಗ್ಲಿಷ್ ಮಾಸ್ತರಿಕೆ ಮಾಡಿ ಬಂದಿದ್ದ, ಅಷ್ಟೆ. ಆ ದೇಶದಲ್ಲಿ ಗಂಟೆಯನ್ನು ಎಣಿಸುವುದು ಸೂರ್ಯ ಹುಟ್ಟಿದಾಗಿನಿಂದ. ನಮ್ಮ ಏಳು ಅವರಿಗೆ ಒಂದು, ನಮ್ಮ ಮಧ್ಯಾಹ್ನ ಹನ್ನೆರಡು ಅವರಿಗೆ ಆರು. ಊರಿಗೆ ಬಂದ ಮೇಲಾದರೂ ಮುಳ್ಳು ತಿರುಗಿಸಬಾರದೆ? "ನಮ್ಮ ಪಂಚಾಂಗದ ಘಳಿಗಿ ಎಲ್ಲಿಂದ ಎಣಿಸ್ತೀರಿ? ಸೂರ್ಯೋದಯದಿಂದ ಹೌದಲ್ಲೋ? ನಡುರಾತ್ರ್ಯಾಗ ದಿನ ಹುಟ್ಟಸ್ತಾನ ಇಂಗ್ಲಿಷಿನವ, ನಿದ್ದಿಗಣ್ಣಾಗ!" ಇಂಗ್ಲಿಷ್ ಮಾಸ್ತರನ ಬಾಯಲ್ಲಿ ಈ ಮಾತು!

ಒಮ್ಮೆ ಮಾವ ಬೆಳಿಗ್ಗೆ ಎಂಟು ಗಂಟೆಯ ರೈಲಿಗೆ ಗುಂತಕಲ್ಲಿಗೆ ಹೋಗಬೇಕಿತ್ತು. ಜಟಕಾ ಸಾಬಿಗೆ "ಒಂದೂವರೆಗೆಲ್ಲಾ ಬಾರಪ್ಪ" ಎಂದು ಹೇಳಿ, ಬೆಳಗಿನಿಂದ ಟ್ರಂಕಿನ ಮೇಲೆ ಕೂತು ಸಾಬಿಗೆ ಶಾಪ ಹಾಕಿದ್ದೇ ಹಾಕಿದ್ದು. ರೈಲು ಹೋಯಿತು. ಮಧ್ಯಾಹ್ನ ನಾವು ಉಂಡು ಕೈ ತೊಳೆಯುವ ಹೊತ್ತಿಗೆ ಜಟಕಾ ಬಂತು.

"ಒಂದೂವರಿ ಅಂದ್ರಲ್ರೀ ಮಾಸ್ತರ, ಕುದುರಿ ಹೊತ್ತಿಗೆ ಸರಿಯಾಗಿ ಬಂದೈತಿ ನೋಡ್ರಿ!"

"ನಿಂದೇನೂ ತಪ್ಪಿಲ್ಲಪ್ಪ, ಕುದುರೀದೂ ತಪ್ಪಿಲ್ಲ. ರೈಲಿಂದು ತಪ್ಪು" ಎಂದು ಮಾವ ಟ್ರಂಕು ಒಳಗಿಟ್ಟ.

ಅಬಿಸೀನಿಯಾದಲ್ಲಿ ಅವನ ಪಾಠ ಹೇಗಿತ್ತೋ ದೇವರೇ ಬಲ್ಲ. ಚಳಿ ಕೊರೆಯುವ ಗುಡ್ಡದ ಊರಂತೆ, ಗಡ್ಡ ಬಂದ ಶಿಷ್ಯರಂತೆ. ಮೇಷ್ಟರು ಒಳಗೆ ಬಂದರೆ ಎಲ್ಲರೂ ಎದ್ದು ಬಗ್ಗಿ ನಮಸ್ಕಾರ ಮಾಡುತ್ತಿದ್ದರಂತೆ. ಒಂದು ದಿನ ಬಿಳಿಯ ಇನ್ಸ್‌ಪೆಕ್ಟರ್ ಬಂದು ಪ್ರಶ್ನೆ ಕೇಳಿದರೆ, ಪ್ರತಿಯೊಬ್ಬನೂ "ಯೆಸ್ ಸರ್" ಎನ್ನುತ್ತ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿದ! ಮಾವ ಹಾಗೆ ಆಡಿಸುತ್ತಿದ್ದನಲ್ಲ, ಅದೂ ಇಂಗ್ಲಿಷಿನಲ್ಲೇ ಸೇರಿದೆ ಎಂದು ಪಾಪ ಅವರು ಶ್ರದ್ಧೆಯಿಂದ ಕಲಿತಿದ್ದರು. ಇನ್ಸ್‌ಪೆಕ್ಟರಿಗೆ ಹೌದೋ ಅಲ್ಲವೋ ಕೊನೆಯವರೆಗೂ ತಿಳಿಯಲಿಲ್ಲವಂತೆ.

ಇವೆಲ್ಲ ಪಡಸಾಲೆಯ ನಗೆ. ಅಡುಗೆಮನೆಯಲ್ಲಿ ಯಾರೂ ನಗುತ್ತಿರಲಿಲ್ಲ. ಸಮುದ್ರ ದಾಟಿದವರು ಪಂಚಗವ್ಯ ಕುಡಿದು ಪ್ರಾಯಶ್ಚಿತ್ತ ಮಾಡಿಕೊಳ್ಳದೆ ಪಂಕ್ತಿಯಲ್ಲಿ ಕೂರುವ ಹಾಗಿಲ್ಲ ಎಂಬುದು ಅಜ್ಜಿಯ ಕಟ್ಟುನಿಟ್ಟು. ಅಜ್ಜಿ ಎಂದರೆ ಮಾವನ ತಾಯಿ, ಮಡಿ ಹೆಂಗಸು. ಮಾವನ ಎಲೆ ಪಡಸಾಲೆಗೆ ಬಿತ್ತು. ಬಡಿಸುವವಳು ಅವನ ಅಕ್ಕ, ನನ್ನ ತಾಯಿ.

"ಒಂದು ಗುಟುಕಷ್ಟ ಕುಡುದು ಒಳಗ ಬಾರೋ" ಎಂದು ಅಜ್ಜಿ ಹೊಸ್ತಿಲ ಆ ಕಡೆಯಿಂದ ಅಂಗಲಾಚುತ್ತಿದ್ದಳು.

"ಕುಡಿಯಾಂಗಿಲ್ಲಮ್ಮ" ಎಂದು ಮಾವ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದ.

"ಇಂಗ್ಲಿಷ್ ಔಷಧಿ ಬಾಟ್ಲಿಯಾಗ ಹಾಕಿ ಕೊಡ್ರಿ, ಕುಡೀತಾನ" ಎಂದು ನಮ್ಮಪ್ಪ ಚೇಷ್ಟೆ ಮಾಡಿದರೆ ಮಾವನೂ ನಗುತ್ತಿದ್ದ. ಸೊಕ್ಕು ಎಂದೇ ನಾವೆಲ್ಲ ತಿಳಿದಿದ್ದೆವು. ಅಜ್ಜಿಗೆ ಮಾತ್ರ ಅನ್ನ ಇಳಿಯುತ್ತಿರಲಿಲ್ಲ. ಮಗ ಮನೆಗೆ ಬಂದ ಮೇಲೆ ಅವಳು ಸೊರಗಿದಷ್ಟು ಅವನು ದೂರವಿದ್ದಾಗಲೂ ಸೊರಗಿರಲಿಲ್ಲ. ಅವನಿಗೆ ಪ್ರಿಯವೆಂದು ಹೀರೇಕಾಯಿ ಸಿಪ್ಪೆಯ ಚಟ್ನಿ ಅರೆದು, ತಾನೇ ಬಡಿಸಲಾಗದೆ ಒರಳಿನ ಮುಂದೆ ಕೂತು ಅಳುತ್ತಿದ್ದಳು.

ಮತ್ತೆ ಅಬಿಸೀನಿಯಾದಿಂದ ಕರೆ ಬಂತು. ಹೊರಡುವ ಬೆಳಿಗ್ಗೆ ನನ್ನ ತಾಯಿ ತಡೆಯಲಾರದೆ ಕೇಳಿಯೇಬಿಟ್ಟಳು: "ಅಮ್ಮಗ ವಯಸ್ಸಾಗ್ಯದ. ತಿರುಗಿ ನೋಡ್ತೀಯೋ ಇಲ್ಲೋ. ಒಂದು ಗುಟುಕಿಗೆ ಏನೋ ನಿಂದು ಹಟ?"

ಮಾವ ಜಗುಲಿಯ ಮೇಲೆ ಕೂತ. ಚೇಷ್ಟೆಯ ಮನುಷ್ಯ ಅಂದು ಮೆಲ್ಲಗೆ ಮಾತಾಡಿದ.

"ಅಲ್ಲಿ ನನಗ ಜ್ವರ ಬಂದಿತ್ತಕ್ಕ. ಬೇಯಿಸಿಕೊಂಡು ತಿನ್ನಾಕ ಕೈಲಿ ಆಗಲಿಲ್ಲ, ಯಾರೂ ಇಲ್ಲ. ಮನಿ ಮಾಲಕಿ ಮುದುಕಿ ಹುಳಿರೊಟ್ಟಿ, ಬ್ಯಾಳಿ ಕಲಸಿ, ತನ್ನ ಕೈಲೆ ತುತ್ತು ಮಾಡಿ ನನ್ನ ಬಾಯಾಗ ಇಟ್ಲು. ಬೇಕಾದವರಿಗೆ ಹಂಗ ಉಣಿಸೋದು ಅವರ ಪದ್ಧತಿ. ಸಮುದ್ರ ದಾಟಿದ್ದು ಪಾಪ ಅನ್ರಿ, ಒಪ್ಕೋತೀನಿ. ಪಂಚಗವ್ಯ ಕುಡುದ್ರ ಆ ತುತ್ತೂ ಪಾಪ ಅಂದಂಗಾಗ್ತದ. ಆಕಿ ಇಲ್ದಿದ್ರ ನಾನು ಬದುಕ್ತಿದ್ದಿಲ್ಲ."

ಒಳಗೆ ಪಾತ್ರೆಯ ಸದ್ದು ನಿಂತಿತು. ಅಜ್ಜಿ ಮಡಿಸೀರೆಯಲ್ಲೇ, ಮೊಸರನ್ನದ ಬಟ್ಟಲು ಹಿಡಿದು ಹೊಸ್ತಿಲು ದಾಟಿ ಪಡಸಾಲೆಗೆ ಬಂದಳು.

"ಬಾರೋ ಇಲ್ಲಿ. ಬಾಯಿ ತೆಗಿ."

"ಅಮ್ಮ, ನಿನ್ನ ಮಡಿ..."

"ನನ್ನ ಮಡಿ ನಾ ನೋಡ್ಕೋತೀನಿ. ನೀ ಬಾಯಿ ತೆಗಿ."

ತುತ್ತು ಇಟ್ಟು, ಅವನ ಮುಖ ನೋಡುತ್ತ ಕೇಳಿದಳು: "ಆಕಿ ಹಾಕಿದ್ದಕ್ಕಿಂತ ಸಣ್ಣದಾಯ್ತೇನೋ?"

ಮಾವ ಬಾಯಿ ತುಂಬಿಕೊಂಡೇ ಇಲ್ಲ ಎಂದು ತಲೆಯಾಡಿಸಿದ. ಬಟ್ಟಲು ಬರಿದಾಗುವವರೆಗೂ ಅಜ್ಜಿ ಬಿಡಲಿಲ್ಲ. ಆಮೇಲೆ ಹಿತ್ತಲಿಗೆ ಹೋಗಿ, ಬಾವಿಯಿಂದ ಸೇದಿ ತಲೆಯ ಮೇಲೆ ತಣ್ಣೀರು ಸುರಿದುಕೊಂಡು ಮತ್ತೆ ಮಡಿಯಾದಳು. ನಡುಗುತ್ತ ಅಡುಗೆಮನೆಯ ಬಾಗಿಲಿಗೆ ಬಂದು ಕೂಗಿದಳು: "ಏಳೋ, ನಿನ್ನ ಗಡಿಯಾರದಾಗ ಒಂದು ಗಂಟಿ ಆಗಿ ಹೋಯ್ತು. ರೈಲು ತಪ್ತದ."

ಆ ರೈಲು ತಪ್ಪಲಿಲ್ಲ.

ಮಾವ ತಿರುಗಿ ಬಂದಾಗ ಅಜ್ಜಿ ಇರಲಿಲ್ಲ. ಅಡುಗೆಮನೆಗೆ ಬರಬೇಡ ಎನ್ನುವವರೂ ಯಾರೂ ಇರಲಿಲ್ಲ. "ಒಳಗ ಬಂದು ಕೂಡೋ" ಎಂದು ನನ್ನ ತಾಯಿ ಕರೆದಳು. ಮಾವ ತನ್ನ ಎಲೆ ತಾನೇ ಎತ್ತಿಕೊಂಡು ಪಡಸಾಲೆಗೆ ಬಂದು, ಅಂದು ಅಜ್ಜಿ ತುತ್ತು ಇಡುತ್ತ ನಿಂತಿದ್ದ ಜಾಗದ ಎದುರಿಗೆ ಕೂತ.