ಮೋತಿಯ ಹೊಟ್ಟೆಗೆ ಕಿವಿಯಿಟ್ಟ ಅಣ್ಣ

ರುಮಾಲು ಸುತ್ತಿಕೊಳ್ಳಲು ಒಂದು ಜಾಗ ಬೇಕಲ್ಲ, ಅದಕ್ಕೇ ದೇವರು ಮನುಷ್ಯನಿಗೆ ತಲೆ ಕೊಟ್ಟಿದ್ದಾನೆ. ಉಳಿದ ಕೆಲಸವನ್ನೆಲ್ಲ ಹೊಟ್ಟೆಯೇ ನೋಡಿಕೊಳ್ಳುತ್ತದೆ. ಇದು ನನ್ನ ಅಣ್ಣನ ಸಿದ್ಧಾಂತ. ಮಠದಲ್ಲಿ ನಾಲ್ಕಕ್ಷರ ತಿದ್ದಿ ಬಿಟ್ಟ ತಂಗಿ ನಾನು, ಅವನೊಡನೆ ವಾದ ಮಾಡುವುದುಂಟೇ?

ನಲವತ್ತೇಳನೆಯ ಇಸವಿ. ಜೇವರ್ಗಿ ಹತ್ತಿರದ ನಮ್ಮ ಹಳ್ಳಿಯ ಕಟ್ಟೆಯ ಮೇಲೆ, ನಿಜಾಮರ ರಾಜ್ಯ ಉಳಿಯುತ್ತದೋ ಹೋಗುತ್ತದೋ ಎಂಬುದೇ ಮಾತು. ಅಣ್ಣನಿಗೆ ಅದರ ಗೊಡವೆಯಿಲ್ಲ. ಬೆಳಗಾದರೆ ನಮ್ಮ ನಾಯಿ ಮೋತಿಯ ಹಿಂದೆ ಹೊಲಕ್ಕೆ ಹೋಗಿ, ಅದು ಕೂತೆದ್ದ ಜಾಗವನ್ನು ಬಗ್ಗಿ ಪರೀಕ್ಷಿಸಿ, ಇವತ್ತು ಪರವಾಗಿಲ್ಲ ಎಂದು ದಾರಿಯುದ್ದಕ್ಕೂ ಸಾರುತ್ತ ಬರುತ್ತಿದ್ದ. ಕಟ್ಟೆಯವರು ಹೈದರಾಬಾದಿನಿಂದ ಏನೋ ಸುದ್ದಿ ಬಂತೆಂದು ಎದ್ದು ನಿಲ್ಲುತ್ತಿದ್ದರು!

ಮೋತಿಗೆ ಆಗಾಗ ಮೂರ್ಛೆ ಬರುತ್ತಿತ್ತು. ಕಾಲು ಸೆಟೆದು, ಬಾಯಲ್ಲಿ ನೊರೆ ಬಂದು ಬಿದ್ದರೆ ಅವ್ವ ಮೂಸಿಸಲು ಚಪ್ಪಲಿ ಹುಡುಕುತ್ತಿದ್ದಳು. ಅಣ್ಣ ಅದರ ಹೊಟ್ಟೆಗೆ ಕಿವಿಯಿಟ್ಟು ಮಲಗುತ್ತಿದ್ದ. ಸಿಹಿ, ಜಿಡ್ಡು ಹೊಟ್ಟೆ ಬಿರಿಯ ತಿಂದಾಗಲೇ ಮೋತಿ ಬೀಳುತ್ತದೆಂದು ಕಂಡುಹಿಡಿದವನು ಅವನೇ. ಅಂದಿನಿಂದ ಅದಕ್ಕೆ ತೆಳ್ಳನೆಯ ಜೋಳದ ಅಂಬಲಿ, ಮಜ್ಜಿಗೆ, ಚಿಟಿಕೆ ಅಜವಾನ, ಅದೇ ಓಮದ ಪುಡಿ. ಅಜವಾನ ತರಲು ಜೇವರ್ಗಿಯ ಹಕೀಮರ ಬಳಿ ಹೋದಾಗ, ಅವರು ರೋಗಿ ಯಾರೆಂದು ಕೇಳಿದರಂತೆ. ಅಣ್ಣ ನಮ್ಮ ಮೋತಿ ಎಂದ.

“ಸಣ್ಣ ಕೂಸೇನ್ರಿ? ಹಲ್ಲು ಬಂದಾವೇನು?”

“ಕ್ವಾರಿ ಹಲ್ಲು ಭಾಳ ಚೂಪ ಅದಾವ್ರಿ.”

ಹಕೀಮರು ಪುಡಿಯ ಜೊತೆ ಒಂದು ತಾಯಿತವನ್ನೂ ಕೊಟ್ಟು ಕಳಿಸಿದರು!

ನಗದೆ ಉಳಿದವರೆಂದರೆ ಊರಿನ ಪೊಲೀಸ್ ಪಾಟೀಲರು. ನೊರೆ ಕಾರುವ ನಾಯಿ ಹುಚ್ಚುನಾಯಿಯೇ, ಇನ್ನೊಮ್ಮೆ ಜನರೆದುರು ಬಿದ್ದರೆ ಹೊಡೆಸಿಹಾಕುತ್ತೇನೆ ಎಂದುಬಿಟ್ಟರು.

ಎಳ್ಳ ಅಮಾವಾಸ್ಯೆ ಬಂತು. ಹೊಲಕ್ಕೆ ಬುತ್ತಿ ಒಯ್ದು, ಅದನ್ನೇ ಭೂಮಿತಾಯಿಗೆ ಚರಗವೆಂದು ಪೈರಿನ ನಡುವೆ ಚೆಲ್ಲಿ, ಬಂದವರೊಂದಿಗೆ ಉಣ್ಣುವ ಹಬ್ಬ. ಅಣ್ಣ ಮೋತಿಯನ್ನು ಮನೆಯಲ್ಲಿ ಕಟ್ಟಿ, ಬಿಚ್ಚಕೂಡದೆಂದು ನನಗೆ ಹೇಳಿ ಮುಂದೆ ಹೋದ. ನಾನು ಬುಟ್ಟಿ ಹೊತ್ತು ಹೊರಟಾಗ ಮೋತಿ ಕುಂಯ್‌ಗುಟ್ಟಿತು. ಮಣ್ಣಿಗೂ ಕಡುಬು ಉಣಿಸುವ ದಿನ ನಾಯಿಗೆ ಅಂಬಲಿಯೇ? ಬಿಚ್ಚಿಬಿಟ್ಟೆ.

ಅಪ್ಪ ಕಡುಬು, ಭಜ್ಜಿ, ಹೋಳಿಗೆ ಚೆಲ್ಲುತ್ತ ಮುಂದೆ. ಜೋಳದ ಮರೆಯಲ್ಲಿ ಮೋತಿ ಹಿಂದೆ. ಆ ವರ್ಷ ಭೂಮಿತಾಯಿಗೆ ಉಪವಾಸ! ಎಲ್ಲರೂ ಕೂತಾಗ ಮೋತಿ ನೇರ ಊಟಕ್ಕೆ ಬಂದಿದ್ದ ಪಾಟೀಲರ ತಾಟಿನ ಮುಂದೆ ಬಂದು ಸೆಟೆದು ಬಿತ್ತು.

ಪಾಟೀಲರು ಕೋಲು ಹಿಡಿದು ಎದ್ದರು. “ಯಾರು ಬಿಚ್ಚಿದ್ರು ಇದನ್ನ?”

ನಾನು ಬುಟ್ಟಿಯ ಅರಿವೆ ಮಡಿಚುತ್ತ ಕೂತೆ. ಅಣ್ಣ ನನ್ನನ್ನೊಮ್ಮೆ ನೋಡಿದ.

“ನಾನೇ ಬಿಚ್ಚೀನ್ರಿ. ತಿನಿಸಿದಾವನೂ ನಾನೇ.”

ಅಷ್ಟರಲ್ಲಿ ಮೋತಿ ಅರಗದ ಕಡುಬುಗಳನ್ನು ಕಕ್ಕಿ, ತೂರಾಡುತ್ತ ಎದ್ದಿತು. ಅಣ್ಣ ನೀರಿನ ಬಟ್ಟಲು ಮುಂದಿಟ್ಟ. ಅದು ಗಟಗಟ ಕುಡಿಯಿತು. ಹುಚ್ಚುನಾಯಿ ನೀರು ಮುಟ್ಟುವುದಿಲ್ಲವೆಂಬುದು ಪಾಟೀಲರಿಗೂ ಗೊತ್ತು. ಕೋಲು ಕೆಳಗಿಟ್ಟರು.

“ನಾಯಿಗೆ ಹುಚ್ಚಿಲ್ಲ ಬಿಡು. ಮಾಲಕಗ ಐತಿ,” ಎಂದರು.

ಹೊಲಕ್ಕೆ ಹೊಲವೇ ನಕ್ಕಿತು. ಪಥ್ಯ ಹೇಳುವ ವೈದ್ಯನೇ ಕಡುಬು ತಿನಿಸಿದನಲ್ಲ! ಕರುವಿನ ಹೊಟ್ಟೆಯುಬ್ಬರಕ್ಕೆ ಅವನನ್ನು ಕರೆಯುತ್ತಿದ್ದವರೂ ನಕ್ಕರು. ಅಣ್ಣ ತಲೆ ತಗ್ಗಿಸಿ ಮೋತಿಯ ಬಾಯಿ ಒರೆಸುತ್ತಿದ್ದ. ನಾನು ಮಡಿಚಿದ ಅರಿವೆಯನ್ನೇ ಬಿಚ್ಚಿ ಮತ್ತೆ ಮಡಿಚಿದೆ.

ಎಲ್ಲರೂ ಉಂಡೆದ್ದ ಮೇಲೆ ಬಂಡಿಯ ಹಿಂದೆ ಅಳುತ್ತ ಕೂತಿದ್ದೆ. ಅಣ್ಣ ತಾಟು ಹಿಡಿದು ಬಂದ.

“ಮುಂಜಾನಿಂದ ಏನೂ ಉಂಡಿಲ್ಲ ನೀ. ಖಾಲಿ ಹೊಟ್ಟಿಲೆ ಕುಂತ್ರ ನಿನಗೂ ಮೂರ್ಛೆ ಬರ್ತದ ಬೇ.”

ಬಿಚ್ಚಿದವಳು ನಾನು ಎಂದು ಎಲ್ಲರಿಗೂ ಹೇಳಿಬಿಡುತ್ತೇನೆ ಎನ್ನಲು ಬಾಯಿ ತೆರೆದೆ. ಅವನು ಕಡುಬು ಮುರಿದು ಆ ಬಾಯಿಗೇ ಇಟ್ಟ.