ಅತ್ತೆಗೊಂದು ಕುರ್ಚಿ, ಶೆಡ್ಡಿಗೊಂದು ಒಲೆ

ಮೂವತ್ತೊಂದು ವರ್ಷಗಳಿಂದ ನನ್ನ ಅತ್ತೆ ಗುನ್ವೋರ್ ಊರಿಗೆಲ್ಲ ಒಂದೇ ಮಾತು ಹೇಳಿಕೊಂಡು ಬಂದಿದ್ದಾರೆ: "ಟೋರ್ಮೋಡ್ ಒಳ್ಳೇವನೇ. ಆದ್ರೆ ಮರದ ವಿಷಯ ಅವನಿಗೆ ತಿಳಿಯಲ್ಲ." ನಾರ್ವೆಯ ನಮ್ಮ ಈ ಕಣಿವೆಯಲ್ಲಿ ಗಂಡಸಿಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಸೋಮಾರಿ ಎಂದರೂ ಸಹಿಸಿಕೊಳ್ಳಬಹುದು, ಜಿಪುಣ ಎಂದರೆ ಹೊಗಳಿಕೆ ಎಂದೇ ತಿಳಿಯಬಹುದು. ಹಿಂದೆಲ್ಲ ಹೆಣ್ಣು ಕೊಡುವ ಮೊದಲು ಹುಡುಗನ ಮನೆಯಲ್ಲಿ ಸೌದೆ ಒಟ್ಟಿರುವ ಬಗೆ ನೋಡಿ ಅವನ ಗುಣ ಅಳೆಯುತ್ತಿದ್ದರು. (ಅತ್ತೆ ನನ್ನ ಸೌದೆ ನೋಡಲು ಬಂದ ದಿನ ಅದು ಅವರ ಕಾಲ ಮೇಲೇ ಕುಸಿಯಿತು. ಆದರೂ ಸಿಗ್ನೆ ನನ್ನನ್ನು ಮದುವೆಯಾದಳು. ಯಾಕೆ ಎಂದು ಈಗ ಅವಳಿಗೂ ನೆನಪಿಲ್ಲವಂತೆ.)

ಬಸ್ಸು ಓಡಿಸುವ ಕೆಲಸದಿಂದ ನಿವೃತ್ತನಾದ ಮೇಲೆ ಈ ಕಳಂಕ ತೊಳೆದುಕೊಳ್ಳಲು ಪಣ ತೊಟ್ಟೆ. ಅತ್ತೆಯ ಎಂಬತ್ತನೆಯ ಹುಟ್ಟುಹಬ್ಬಕ್ಕೆ ನನ್ನ ಕೈಯಾರೆ ಒಂದು ಬರ್ಚ್ ಮರದ ಕುರ್ಚಿ ಮಾಡಿ, ನೆಂಟರಿಷ್ಟರೆಲ್ಲ ನೋಡುತ್ತಿರುವಾಗ ಅವರನ್ನು ಅದರ ಮೇಲೆ ಕೂರಿಸುವುದು! ಎರಡು ವರ್ಷದ ಹಿಂದೆಯೇ ನೇರವಾದ ಮರ ಹುಡುಕಿ, ಕೊಡಲಿಯಲ್ಲಿ ಸೀಳಿ, ಕಾಲು, ಅಡ್ಡಪಟ್ಟಿ, ಬೆನ್ನಿನ ಪಟ್ಟಿ ಎಂದು ಹದಿನೇಳು ಸೀಳು ಮಾಡಿ, ನಮ್ಮ ಮಂಚದ ಕೆಳಗೆ ಒಣಗಲು ಇಟ್ಟೆ.

"ಬೇರೆಯವರ ಮಂಚದ ಕೆಳಗೆ ಚಪ್ಪಲಿ ಇರತ್ತೆ. ನಮ್ಮಲ್ಲಿ ಕಾಡಿದೆ" ಎಂದಳು ಸಿಗ್ನೆ. ಆದರೆ ಗುಟ್ಟು ಬಿಟ್ಟುಕೊಡಲಿಲ್ಲ. ಅದಕ್ಕಾಗಿ ಅವಳಿಗೆ ನಾನು ಋಣಿ.

ಜನವರಿ ಬಂತು. ಹುಟ್ಟುಹಬ್ಬಕ್ಕೆ ಇನ್ನು ಹನ್ನೆರಡೇ ದಿನ. ಕುರ್ಚಿ ಜೋಡಿಸಲು ಹಿತ್ತಲ ಶೆಡ್ಡಿಗೆ ಹೋಗಿ ನೋಡಿದರೆ ಶೂನ್ಯಕ್ಕಿಂತ ಇಪ್ಪತ್ತಾರು ಡಿಗ್ರಿ ಕೆಳಗೆ. ಅಂಟಿನ ಡಬ್ಬಿ ಕಲ್ಲಾಗಿತ್ತು. ಮರ ಹೆರೆಯುವ ಕೀಸುಳಿ ಮುಟ್ಟಿದರೆ ಬೆರಳು ಅದಕ್ಕೇ ಅಂಟಿಕೊಳ್ಳುತ್ತಿತ್ತು. ಕರೆಂಟಿನ ಹೀಟರ್ ಹಾಕಿ ಹತ್ತು ನಿಮಿಷವಾಗಿರಲಿಲ್ಲ, ಸಿಗ್ನೆ ಬಾಗಿಲಲ್ಲಿ ಪ್ರತ್ಯಕ್ಷಳಾದಳು.

"ಮೀಟರು ಬುಗುರಿ ಥರ ತಿರುಗ್ತಿದೆ. ಏನು, ಇಡೀ ಕಣಿವೆಗೇ ಶಾಖ ಕೊಡ್ತಿದ್ದೀಯಾ?"

"ನಿನ್ನಮ್ಮನಿಗೋಸ್ಕರ ಕಣೇ!"

"ನನ್ನಮ್ಮ ಎಂಬತ್ತು ವರ್ಷ ಕುರ್ಚಿ ಇಲ್ದೇನೂ ನಿಂತಿಲ್ಲ. ಆರಿಸು."

ಆಗಲೇ ನನ್ನ ತಲೆಯಲ್ಲಿ ದಿವ್ಯ ಜ್ಞಾನೋದಯವಾದದ್ದು: ಸೌದೆ ಒಲೆ! ಪಕ್ಕದ ಮನೆಯ ಆಸ್ಮುಂಡನ ಕೊಟ್ಟಿಗೆಯಲ್ಲಿ ಬೀಡುಕಬ್ಬಿಣದ ಹಳೆಯ ಒಲೆಯೊಂದು ಬಿದ್ದಿತ್ತು. ಕೇಳಿದ ತಕ್ಷಣ ಅವನು ಕೊಟ್ಟ ರೀತಿ ನೋಡಿಯೇ ನನಗೆ ಅನುಮಾನ ಬರಬೇಕಿತ್ತು. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಜಾತಿ ನಮ್ಮದು. ಹಿಮಗಾಡಿಯಲ್ಲಿ ಎಳೆದು ತರುವಷ್ಟರಲ್ಲಿ ನನ್ನ ಸೊಂಟ ಬೇರೆ, ನಾನು ಬೇರೆ ಆಗಿದ್ದೆವು. ಹೊಗೆಕೊಳವೆ ಪರೀಕ್ಷಿಸುವವನು ಬಂದು, ತಲೆ ತೂರಿಸಿ ನೋಡಿ, ಸರಿಯಿದೆ ಎಂದು ರುಜು ಹಾಕಿ ಹೋದ. ಒಲೆ ರಾಜಗಾಂಭೀರ್ಯದಿಂದ ಕುಳಿತಿತು. ಇನ್ನು ಅದರ ಬಾಯಿಗೆ ಏನಾದರೂ ಹಾಕಬೇಕಿತ್ತು.

ಮನೆಯ ದಕ್ಷಿಣದ ಗೋಡೆಗೆ ಸಿಗ್ನೆ ಒಟ್ಟಿದ ಸೌದೆಯಿದೆ. (ನನ್ನದು ಕುಸಿದಂದಿನಿಂದ ಆ ಖಾತೆ ಅವಳದು.) ದಾರಿಹೋಕರು ಕಾರು ನಿಲ್ಲಿಸಿ ಅದರ ಫೋಟೊ ತೆಗೆಯುತ್ತಾರೆ. ಅದರಿಂದ ಒಂದು ಸೀಳು ಎಳೆಯಲು ಕೈ ಚಾಚಿದೆನಷ್ಟೆ.

"ಟೋರ್ಮೋಡ್!" ಅಡುಗೆಮನೆಯ ಕಿಟಕಿ ಗುಡುಗಿತು. "ಅದು ಮನೆಗೆ. ಮೇ ತಿಂಗಳವರೆಗೂ ಬರ್ಬೇಕು. ಒಂದು ಚಕ್ಕೆ ಮುಟ್ಟಿದ್ರೂ ನೀನು ಶೆಡ್ಡಲ್ಲೇ ಮಲಗು!"

ಹಾಗಾಗಿ, ವಿದ್ಯುತ್ ತಂತಿಗೆ ಅಡ್ಡವೆಂದು ಆ ವಾರವಷ್ಟೇ ರಸ್ತೆಬದಿಯಲ್ಲಿ ಕಡಿದು ಹಾಕಿದ್ದ ಮರವನ್ನೇ ಹೊತ್ತು ತಂದೆ. ಹಸಿ ಮರ. ಒಲೆಗೆ ಹಾಕಿದೊಡನೆ ಅದು ಉರಿಯುವ ಬದಲು ಅಳತೊಡಗಿತು. ತುದಿಯಿಂದ ನೀರು ತೊಟ್ಟಿಕ್ಕಿತು, ಬುಸುಗುಟ್ಟಿತು, ಕೊನೆಗೆ ಕಪ್ಪು ಹೊಗೆ ಕಾರಿತು. ಮೂರು ಗಂಟೆ ಊದಿ ಊದಿ ಇಪ್ಪತ್ತಾರಿದ್ದದ್ದನ್ನು ಹತ್ತೊಂಬತ್ತಕ್ಕೆ ತಂದೆ. ಅದರಲ್ಲೂ ಹೆಚ್ಚಿನ ಶಾಖ ನನ್ನ ಸಿಟ್ಟಿನದೇ ಎಂದು ನನ್ನ ನಂಬಿಕೆ.

ಆ ಮುಹೂರ್ತಕ್ಕೇ ಸರಿಯಾಗಿ ಅತ್ತೆ ಬಂದಿಳಿದರು, ಹುಟ್ಟುಹಬ್ಬ ಮುಗಿಸಿಕೊಂಡೇ ಹೋಗಲು. ಪೆಟ್ಟಿಗೆ ಕೆಳಗಿಡುವ ಮೊದಲೇ ಶೆಡ್ಡಿನ ಕಡೆ ಮೂಗು ಏರಿಸಿದರು.

"ಅದೇನು, ಹೊಗೆ ಹಾಕಿ ಮೀನು ಒಣಗಿಸ್ತಿದ್ದಾನಾ?"

ಹಸಿ ಸೌದೆ ಎರಡನ್ನು ಎತ್ತಿಕೊಂಡು ಒಂದಕ್ಕೊಂದು ಕುಟ್ಟಿ, ಕಿವಿಗೊಟ್ಟರು. ಒಣಗಿದ ಮರ ಗಂಟೆಯ ಹಾಗೆ ಟಣ್ ಎನ್ನಬೇಕು. ಇದು ದಪ್ ಎಂದಿತು.

"ಇದು ಸೌದೆ ಅಲ್ಲಪ್ಪ, ಸೂಪು. ಬಟ್ಟಲಿಗೆ ಬಡಿಸು. ಇಷ್ಟಕ್ಕೂ ಒಳಗೆ ಏನು ಮಾಡ್ತಿದ್ದೀಯ?"

"ಏನಿಲ್ಲ ಅತ್ತೆ. ಸುಮ್ನೆ."

"ಹಾಗೇ ಕಾಣತ್ತೆ" ಎಂದು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಅತ್ತೆ ಕಾಫಿ ಕುಡಿಯುತ್ತಿರುವಾಗ ಹದಿನೇಳು ಸೀಳುಗಳನ್ನೂ ಕಂಬಳಿಯಲ್ಲಿ ಸುತ್ತಿ ಶೆಡ್ಡಿಗೆ ಸಾಗಿಸಿ, ಒಲೆಯ ಪಕ್ಕ ಜೋಡಿಸಿಟ್ಟೆ. ಒಂದು ಬುಟ್ಟಿ ಒಣ ಸೌದೆ ಬೇಡಿ ತರೋಣವೆಂದು ಆಸ್ಮುಂಡನ ಮನೆಗೆ ಹೊರಟೆ. ಅವನು ಸೌದೆ ಕೊಟ್ಟ. ಆದರೆ ಕಾಫಿ ಕುಡಿಸದೆ ಬಿಡಲಿಲ್ಲ, ಕಾಫಿಯ ಜೊತೆ ದೋಸೆಯಂಥ ವಾಫಲ್, ವಾಫಲ್ ಮೇಲೆ ಕಂದು ಚೀಸು, ಚೀಸಿನ ಮೇಲೆ ಅವನ ಮೊಣಕಾಲು ನೋವಿನ ಸಮಗ್ರ ಇತಿಹಾಸ. ಒಂದೂವರೆ ಗಂಟೆ ಹಿಡಿಯಿತು.

ವಾಪಸು ಬರುವಾಗ ದೂರದಿಂದಲೇ ನೋಡಿದೆ. ನಮ್ಮ ಶೆಡ್ಡಿನ ಕೊಳವೆಯಿಂದ ಹೊಗೆಯೇ ಇಲ್ಲ, ಬರೀ ಬಿಸಿಗಾಳಿ ನಡುಗುತ್ತಿದೆ. ಪರಿಪೂರ್ಣ ಬೆಂಕಿಯ ಲಕ್ಷಣ! ಸಿಗ್ನೆ ಮನಸ್ಸು ಕರಗಿ ತನ್ನ ಸೌದೆ ಕೊಟ್ಟಳೆಂದುಕೊಂಡು ಖುಷಿಯಿಂದ ಓಡಿದೆ.

ಬಾಗಿಲು ತೆರೆದರೆ ಬೇಸಿಗೆ. ಕೀಸುಳಿ ಬೆಚ್ಚಗಿತ್ತು, ಅಂಟು ಜೇನಿನಂತೆ ಕರಗಿತ್ತು. ಅತ್ತೆ ಸ್ವೆಟರಿನ ತೋಳು ಮಡಚಿ, ಬೋರಲು ಹಾಕಿದ ಮೀನಿನ ಪೆಟ್ಟಿಗೆಯ ಮೇಲೆ ಕೂತಿದ್ದರು. ಅವರ ಕೈಯಲ್ಲಿ ನನ್ನ ಕುರ್ಚಿಯ ಹಿಂದಿನ ಎಡಗಾಲಿತ್ತು. ಒಲೆಯ ಪಕ್ಕ ಬೇರೇನೂ ಇರಲಿಲ್ಲ.

"ಬಾ ಬಾ, ಬಾಗಿಲು ಹಾಕು, ಶಾಖ ಹೋಗತ್ತೆ. ಅಳಿಯ ಇಲ್ಲಿ ಹೆಪ್ಪುಗಟ್ಟಿ ಸಾಯ್ತಾನಲ್ಲಾಂತ ಕರುಳು ಚುರ್ ಅಂತು, ನಾನೇ ಬಂದು ಹಚ್ಚಿದೆ" ಎಂದವರೇ ಎದ್ದು ನಿಂತರು. "ಟೋರ್ಮೋಡ್, ಮೂವತ್ತೊಂದು ವರ್ಷ ನಾನೊಂದು ಮಾತು ಹೇಳ್ಕೊಂಡು ಬಂದೆ. ತಪ್ಪಾಯ್ತು ಕಣಪ್ಪ. ಇಂಥಾ ಸೌದೆ ನನ್ನ ಜನ್ಮದಲ್ಲೇ ನೋಡಿಲ್ಲ. ಒಂದು ಗಂಟಿಲ್ಲ, ಒಂದು ಬಿರುಕಿಲ್ಲ. ಕುಟ್ಟಿದ್ರೆ ಚರ್ಚಿನ ಗಂಟೆ! ಮರದ ವಿಷಯ ನಿನಗೆ ತಿಳಿಯತ್ತೆ."

ಇಡೀ ಬಾಳು ಕಾದಿದ್ದ ಮಾತು ಅದು. ನನ್ನ ಕಣ್ಣಲ್ಲಿ ನೀರು ಬಂತು. ಹೊಗೆ ಎನ್ನೋಣವೆಂದರೆ ಒಂದೆಳೆ ಹೊಗೆಯಿರಲಿಲ್ಲ. ಕಾಫಿ ತಂದಿದ್ದ ಸಿಗ್ನೆ ಬಾಗಿಲಲ್ಲೇ ನಿಂತು ಒಲೆ ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಸೆರಗಿಲ್ಲದ ದೇಶವಾದ್ದರಿಂದ ಏಪ್ರನ್ ಬಾಯಿಗೆ ತುರುಕಿಕೊಂಡಳು.

"ಹೇಳ್ಬಿಡೋದಾ?" ಎಂದು ಕಿವಿಯಲ್ಲಿ ಕೇಳಿದಳು.

"ಬೇಡ" ಎಂದೆ. "ಹೊಗಳ್ತಿದ್ದಾರೆ. ಹೊಗಳಲಿ."

ಅತ್ತೆ ಕೊನೆಯ ಕಾಲನ್ನೂ ಒಲೆಗೆ ಹಾಕಿ ಸೊಂಟ ಹಿಡಿದುಕೊಂಡರು. "ಆದ್ರೂ ಬಡಗಿ ಶೆಡ್ಡು ಅಂತೀಯ, ಮುದುಕಿ ಕೂರೋಕೆ ಒಂದು ಕುರ್ಚಿ ಇಲ್ವಲ್ಲೋ! ಇರಲಿ ಬಿಡು. ನನ್ನ ಹುಟ್ಟುಹಬ್ಬಕ್ಕೆ ಬೇರೇನೂ ಬೇಡ. ಇಂಥಾದ್ದೇ ಸೌದೆ ಎರಡು ಹೊರೆ ಕೊಟ್ಬಿಡು."

ಎರಡು ವರ್ಷ ಮಂಚದ ಕೆಳಗೆ ಮಲಗಿಸಿದ ಸೌದೆಯನ್ನು ಒಂಬತ್ತು ದಿನದಲ್ಲಿ ಎಲ್ಲಿಂದ ತರಲಿ? ಸಿಗ್ನೆಯ ಕಾಲು ಹಿಡಿದೆ. ಅವಳು ತನ್ನ ಸೌದೆ ಗೋಡೆಯ ಹೃದಯಭಾಗದಿಂದ ಎರಡು ಹೊರೆ ಆರಿಸಿ, ಕೆಂಪು ರಿಬ್ಬನ್ ಕಟ್ಟಿ ಕೊಟ್ಟಳು. (ಬದಲಿಗೆ ಬೇಸಿಗೆಯಿಡೀ ಸೌದೆ ಒಡೆಯುವ ಕೆಲಸ ನನ್ನದು.) ಹುಟ್ಟುಹಬ್ಬದ ದಿನ ನಲವತ್ತು ಜನ ನೆಂಟರ ಮುಂದೆ ಅತ್ತೆ ರಿಬ್ಬನ್ ಬಿಚ್ಚಿದರು. ಎರಡು ಸೀಳು ತೆಗೆದು ಒಂದಕ್ಕೊಂದು ಕುಟ್ಟಿದರು. ಕಣ್ಣು ಮುಚ್ಚಿ ಆಲಿಸಿದರು. ಮತ್ತೊಮ್ಮೆ ಕುಟ್ಟಿದರು. ನಲವತ್ತೂ ಜನ ಉಸಿರು ಬಿಗಿಹಿಡಿದರು.

"ಪರವಾಗಿಲ್ಲ" ಎಂದರು ಕೊನೆಗೆ, ನಿಟ್ಟುಸಿರು ಬಿಟ್ಟು. "ಅವತ್ತಿನದರ ಅರ್ಧವೂ ಇಲ್ಲ. ಅದೊಂದು ಹೇಗೋ ಅದೃಷ್ಟದಲ್ಲಿ ಒಣಗಿರಬೇಕು. ಟೋರ್ಮೋಡ್ ಒಳ್ಳೇವನೇ, ಆದ್ರೆ..."