ಎರಡನೇ ಮಂಚದ ಮಾಜಿ ಅತ್ತೆ

ಇಂದ:
ಹದಿನೇಳನೇ ಕೊಠಡಿಯ ಬಾಗಿಲ ಬದಿಯ ಮಂಚದ ವಿದ್ಯಾರ್ಥಿನಿ

ಗೆ:
ವಾರ್ಡನ್ ಅವರು, ಮಹಿಳಾ ವಿದ್ಯಾರ್ಥಿನಿಲಯ

ವಿಷಯ: ಅರ್ಜಿದಾರಳ ಕೊಠಡಿಗೆ ಆಕೆಯ ಮಾಜಿ ಅತ್ತೆಯವರನ್ನೇ ಹಂಚಿಕೆ ಮಾಡಿರುವ ಬಗ್ಗೆ.

ಉಲ್ಲೇಖ: ೧. ಕೊಠಡಿ ಬದಲಿಸಿಕೊಡಬೇಕೆಂದು ಅರ್ಜಿದಾರಳು ಮೊದಲ ದಿನವೇ ಅಳುತ್ತ ಕೊಟ್ಟ ಅರ್ಜಿ.
೨. ಅದನ್ನು ಮಂಜೂರು ಮಾಡಿ ತಾವು ಇಂದು ಬೆಳಿಗ್ಗೆ ಹೊರಡಿಸಿದ ಆದೇಶ.

ಮಾನ್ಯರೇ,

ನಡೆದದ್ದನ್ನು ನಡೆದ ಹಾಗೆಯೇ ತಮ್ಮ ಮುಂದಿಡಲಾಗಿದೆ.

೧. ಅರ್ಜಿದಾರಳು ಮದುವೆ ಮುರಿದ ಮೇಲೆ, ಅರ್ಧಕ್ಕೆ ನಿಂತಿದ್ದ ಓದು ಮುಗಿಸಲು ಈ ಕಾಲೇಜಿಗೆ ಬಂದವಳು. ಕೊಠಡಿಯ ಬಾಗಿಲು ತೆಗೆದಾಗ ಕಿಟಕಿ ಬದಿಯ ಮಂಚಕ್ಕೆ ಹಾಸಿಗೆ ಹಾಸುತ್ತಿದ್ದವರು ಆಕೆಯ ಮಾಜಿ ಅತ್ತೆ. ಅವರೂ ಹಿರಿಯರಿಗೆಂದು ಮೀಸಲಿಟ್ಟ ಸೀಟಿನಲ್ಲಿ ಮೊದಲ ವರ್ಷಕ್ಕೆ ಸೇರಿದ್ದರು. ದಾಖಲೆಯಲ್ಲಿ ಅರ್ಜಿದಾರಳ ಮನೆತನದ ಹೆಸರು ಇನ್ನೂ ಬದಲಾಗಿರಲಿಲ್ಲ. ಆದ ಕಾರಣ ತಮ್ಮ ಗುಮಾಸ್ತರು, "ಒಂದೇ ಮನೆಯವ್ರು, ಪಾಪ, ಜೊತೇಲಿರ್ಲಿ" ಎಂದು ಹಂಚಿಬಿಟ್ಟಿದ್ದರು. ಒಳ್ಳೆಯ ಮನಸ್ಸಿನಿಂದ ಇಷ್ಟು ದೊಡ್ಡ ಅನಾಹುತ ಮಾಡಿದವರನ್ನು ಅರ್ಜಿದಾರಳು ಬೇರೆಲ್ಲೂ ಕಂಡಿಲ್ಲ.

೨. ತರುವಾಯ ಉಭಯತ್ರರ ನಡುವೆ ಮಾತುಕತೆ ಇರಲಿಲ್ಲ. ಕೊನೆಗೊಂದು ಸಂಜೆ ಫ್ಯಾನ್ ಹಾಕುವ ವಿಚಾರವಾಗಿ ಜಗಳ ಶುರುವಾಗಿ, ಫ್ಯಾನ್ ಬಿಟ್ಟು ಎಲ್ಲೆಲ್ಲಿಗೋ ಹೋಯಿತು.

"ನಿಮ್ಮ ಮಗ ನನ್ನ ಪುಸ್ತಕ ಎಲ್ಲಾ ರದ್ದಿಗೆ ಹಾಕ್ದಾಗ ನೀವು ಅಲ್ಲೇ ಇದ್ರಿ," ಎಂದಳು ಅರ್ಜಿದಾರಳು.

"ಇದ್ದೆ."

"ಒಂದು ಮಾತು ಆಡ್ಲಿಲ್ಲ."

"ಆಡ್ಲಿಲ್ಲ. ನೀನು ಹೋದ್ಮೇಲೆ ಬೈಸ್ಕೊಳ್ಳೋ ಜಾಗ ಖಾಲಿ ಆಯ್ತಲ್ಲ, ಅದು ನನಗೆ ಬಂತು."

ಎದುರು ಪಕ್ಷದವರು ಎಲ್ಲವನ್ನೂ ಒಪ್ಪಿಕೊಂಡುಬಿಟ್ಟರೆ ಜಗಳವನ್ನು ಮುಂದುವರಿಸಲು ತಾಂತ್ರಿಕ ತೊಂದರೆಯಾಗುತ್ತದೆ. ಆದ್ದರಿಂದ ಅರ್ಜಿದಾರಳು ಮುಖ ತೊಳೆಯುವ ನೆಪದಲ್ಲಿ ಹೊರಗೆ ಹೋಗಿ, ಬಹಳ ಹೊತ್ತು ಮುಖ ತೊಳೆದಳು.

೩. ನಿನ್ನೆ ಮಾಜಿ ಪತಿಯವರು ಸಂದರ್ಶಕರ ಕೋಣೆಗೆ ಬಂದರು. "ಅಮ್ಮ, ಈ ಆಟ ಸಾಕು, ನಡಿ. ಮನೇಲಿ ಒಂದು ಲೋಟ ನೀರು ಕೊಡೋರಿಲ್ಲ" ಎಂದರು. ಅಷ್ಟರಲ್ಲಿ ಅರ್ಜಿದಾರಳು ಕಣ್ಣಿಗೆ ಬಿದ್ದಳು. "ಓಹೋ, ನೀನೇನಾ ಅಮ್ಮನ ತಲೆ ಕೆಡ್ಸಿದ್ದು?"

ಅರ್ಜಿದಾರಳು ಹಳೇ ಅಭ್ಯಾಸಬಲದಿಂದ ಎರಡು ಹೆಜ್ಜೆ ಹಿಂದೆ ಸರಿದಳು. ಉತ್ತರ ಕೊಟ್ಟವರು ಅತ್ತೆಯವರು:

"ಅವಳು ನನ್ನ ಹತ್ರ ನೆಟ್ಟಗೆ ಮಾತೇ ಆಡಲ್ಲ ಕಣೋ, ಇನ್ನು ತಲೆ ಎಲ್ಲಿ ಕೆಡ್ಸ್ತಾಳೆ? ಅವತ್ತು ಅವಳ ಪುಸ್ತಕ ನೀನು ತೂಕಕ್ಕೆ ಹಾಕ್ದಾಗ ಬಾಗಿಲ ಹಿಂದೆ ನಿಂತಿದ್ದೆ. ತಪ್ಪು ಮಾಡ್ದೆ. ಈಗ ನೀನು ಹೊರಡು, ನಾಳೆ ನನಗೆ ಪರೀಕ್ಷೆ ಇದೆ."

ಅವರು ದನಿ ಏರಿಸಲಿಲ್ಲ. ಕುರ್ಚಿ ಒದ್ದು ಗಲಾಟೆ ಮಾಡಿದವರು ಪುತ್ರರತ್ನ.

೪. ಸದರಿ ಗಲಾಟೆಯ ಕಾರಣ ತಾವು ಹಳೆಯ ಅರ್ಜಿಯನ್ನು ಹುಡುಕಿ ತೆಗೆಸಿ, ಅತ್ತೆಯವರನ್ನು ಎದುರು ಕಟ್ಟಡಕ್ಕೆ ವರ್ಗಾಯಿಸಿದಿರಿ. ಸಾಮಾನು ಸಾಗಿಸಲು ಜವಾನರು ಬಂದಿದ್ದಾರೆ. ಅತ್ತೆಯವರು ಪರೀಕ್ಷೆ ಬರೆದು ಬಂದವರೇ ಹಾಸಿಗೆ ಸುತ್ತಿದರು. "ನಿನಗೂ ನೆಮ್ಮದಿ ಬೇಕಲ್ಲಮ್ಮ" ಎಂದಷ್ಟೇ ಅಂದರು. ಅರ್ಜಿದಾರಳು ಅವರ ಟ್ರಂಕಿನ ಮೇಲೆ ಕುಳಿತುಬಿಟ್ಟಳು. ಈ ಅರ್ಜಿಯನ್ನೂ ಅಲ್ಲೇ ಕುಳಿತು ಬರೆಯುತ್ತಿದ್ದಾಳೆ. ಜವಾನರು ಎರಡು ಸಲ ಕೆಮ್ಮಿದ್ದಾರೆ.

ಆದ್ದರಿಂದ ಉಲ್ಲೇಖ ಒಂದನ್ನು ಹರಿದುಹಾಕಿ, ಉಲ್ಲೇಖ ಎರಡನ್ನು ರದ್ದುಪಡಿಸಬೇಕು. ಅರ್ಜಿದಾರಳು ಅತ್ತೆಯವರನ್ನು ಪೂರ್ತಿಯಾಗಿ ಕ್ಷಮಿಸಿರುವುದಿಲ್ಲ. ಆ ಕೆಲಸ ಇನ್ನೂ ಬಾಕಿ ಇದ್ದು, ಅದಕ್ಕೆ ಇಬ್ಬರೂ ಒಂದೇ ಕೊಠಡಿಯಲ್ಲಿರುವುದು ಅನುಕೂಲ.

ತಮ್ಮ ವಿಶ್ವಾಸಿ, ಟ್ರಂಕಿನಿಂದ ಏಳದ,
ಅರ್ಜಿದಾರಳು

ಲಗತ್ತುಗಳು:
೧. ಅತ್ತೆಯವರ ಒಪ್ಪಿಗೆ ಸಹಿ (ಸುತ್ತಿದ ಹಾಸಿಗೆಯ ಮೇಲಿಟ್ಟು ಹಾಕಿದ್ದರಿಂದ ಸೊಟ್ಟಗಿದೆ, ಸಹಿ ಅವರದೇ).
೨. ಟ್ರಂಕಿನ ಬೀಗದ ಕೈ (ಲಗತ್ತಿಸಿಲ್ಲ, ಕೊಡುವುದೂ ಇಲ್ಲ).

ವಿ.ಸೂ.: ಪುತ್ರರತ್ನರು ಮುಂದೆ ಭೇಟಿಗೆ ಬಂದಲ್ಲಿ ಅವರಿಗೆ ಮೆಸ್ಸಿನಲ್ಲಿ ಊಟ ಹಾಕಿಸಲು ಅರ್ಜಿದಾರಳ ಆಕ್ಷೇಪಣೆ ಇಲ್ಲ. ಉಂಡ ತಟ್ಟೆಯನ್ನು ಅವರೇ ತೊಳೆಯತಕ್ಕದ್ದೆಂದು ಆದೇಶಿಸಬೇಕಾಗಿ ಕೋರಿಕೆ.